ಇಂಗ್ಲೆಂಡಿನ ಹಳ್ಳಿ ಪಬ್‌ನ ಮರದ ಚೌಕಟ್ಟು ತೀರ್ಥಹಳ್ಳಿ ಮಳೆಗೆ ತಡೆಯುತ್ತದೆಯೇ?

ತುಂಗಾತೀರ:
ತೀರ್ಥಹಳ್ಳಿ ಹತ್ತಿರದ ಹೋಂಸ್ಟೇಗೆ ಊಟದ ಹಾಲ್ ಕಟ್ಟಬೇಕು. ಮಾಲೀಕರಿಗೆ ಇಂಗ್ಲೆಂಡಿನ ಹಳೇ ಹಳ್ಳಿ ಪಬ್‌ಗಳ ನಮೂನೆ ಬೇಕು: ಕಪ್ಪು ತೊಲೆ, ನಡುವೆ ಬಿಳಿ ಗೋಡೆ, ಮುಂದಕ್ಕೆ ಚಾಚಿದ ಮಹಡಿ. ಮೇಸ್ತ್ರಿ ಕಾಂಕ್ರೀಟ್ ಗೋಡೆಗೆ ಹಲಗೆ ಹೊಡೆಯೋಣ ಅಂತಾರೆ. ನಿಜವಾದ ಚೌಕಟ್ಟೇ ಕಟ್ಟಿದರೆ ಎಲ್ಲಿ ಕೈಕೊಡುತ್ತದೆ?

ಹೊನ್ನೆಮರ:
ಹಲಗೆ ಬೇಡವೇ ಬೇಡ. ಹಿಂದೆ ನೀರಿಳಿದರೆ ಆರಲು ಜಾಗವಿಲ್ಲ, ಬೇಗ ಲಡ್ಡು ಹಿಡಿಯುತ್ತದೆ. ಆ ಪಬ್‌ಗಳಲ್ಲಿ ಭಾರ ಹೊರುವುದು ಓಕ್ ಚೌಕಟ್ಟು, ಗೋಡೆ ಬರೀ ಭರ್ತಿ. ಮೊದಲು ಕೊಳೆಯುವುದು ಕಂಬಗಳು ಕೂರುವ ಅಡಿತೊಲೆ. ಸಾಮರ್‌ಸೆಟ್‌ನ ನಾರ್ಟನ್ ಸೇಂಟ್ ಫಿಲಿಪ್ ಹಳ್ಳಿಯ ಜಾರ್ಜ್ ಇನ್ ಫೋಟೋ ನೋಡಿ: ಎದುರು ಮುಖದಲ್ಲಿ ಕೆಳಗೆ ಕಲ್ಲುಗೋಡೆ, ಮೇಲಿನೆರಡು ಅಂತಸ್ತು ಮಾತ್ರ ಮರ. ನಮ್ಮ ಮಳೆಗೆ ಇದೇ ಸರಿ. ಕೆಳಗೆ ಜಂಬಿಟ್ಟಿಗೆ ಕಟ್ಟಿ, ಮರ ಮೇಲಿನಿಂದ ಶುರುವಾಗಲಿ. ಕೆಳಗೂ ಕಂಬ ಬೇಕೆಂದರೆ ಎರಡಡಿ ಎತ್ತರದ ಕಲ್ಲಿನ ಮೇಲೆ ನಿಲ್ಲಿಸಿ. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿಯುವುದು ಅಷ್ಟೆತ್ತರಕ್ಕೆ ಬರುತ್ತದೆ.

ಅಲ್ಲಿಯ ಹುಲ್ಲಿನ ಮಾಡಿಗೆ ಸುಮಾರು 50 ಡಿಗ್ರಿ ಇಳಿಜಾರು. ನೀವು ಮಂಗಳೂರು ಹೆಂಚು ಹಾಕಿ, 35 ಸಾಕು. ಸೂರು ಗೋಡೆಯಿಂದ ಹೊರಕ್ಕೆ ಮೂರಡಿಗಿಂತ ಕಡಿಮೆ ಚಾಚಿರಬಾರದು.

ಸುಣ್ಣದಗಾರೆ:
ಭರ್ತಿ ಬಗ್ಗೆ ಹೇಳುತ್ತೇನೆ, ಹೆಚ್ಚಿನವರು ಕೆಡಿಸುವುದು ಅಲ್ಲೇ. ಅಲ್ಲಿ ಓಕ್ ಗೂಟ ನಿಲ್ಲಿಸಿ, ಹೇಜಲ್ ಕಡ್ಡಿ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಎರಡೂ ಕಡೆಯಿಂದ ಮೆತ್ತಿ, ಸುಣ್ಣ ಬಳಿಯುತ್ತಿದ್ದರು. ನಮ್ಮ ಅಡಿಕೆ ದಬ್ಬೆಗೆ ಮಣ್ಣು ಮೆತ್ತಿದ ಗೋಡೆಯ ಕ್ರಮವೇ. 20ನೇ ಶತಮಾನದಲ್ಲಿ ಇಂಥವಕ್ಕೆ ಸಿಮೆಂಟ್ ಬಳಿದದ್ದರಿಂದ ಎಷ್ಟೋ ಚೌಕಟ್ಟು ಹಾಳಾದವು. ಮರ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಅಂಚಲ್ಲಿ ಕೂದಲೆಳೆಯಷ್ಟು ಬಿಡುತ್ತದೆ, ಒಳಹೋದ ನೀರು ಆವಿಯಾಗಿ ಹೊರಬರಲಾರದೆ ಮರವನ್ನೇ ತಿನ್ನುತ್ತದೆ. ಹಾಗಾಗಿ ಅರಳಿಸಿದ ಸುಣ್ಣ ಒಂದು, ಮರಳು ಮೂರು. ಒಂದೊಂದು ಪದರ 10 ಮಿಲಿಮೀಟರ್ ಮೀರದಂತೆ. ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಮಳೆಗಾಲದಲ್ಲಿ ಗಾರೆ ಗಟ್ಟಿಯಾಗುವುದಿಲ್ಲ, ಬೇಸಿಗೆಯಲ್ಲಿ ಬೇಗ ಒಣಗಿ ಪುಡಿಯಾಗುತ್ತದೆ. ಒದ್ದೆ ಗೋಣಿ ಇಳಿಬಿಡಿ.

ಕಪ್ಪು ಬಣ್ಣ ಹೆಚ್ಚಾಗಿ 19ನೇ ಶತಮಾನದ ಶೋಕಿ. ಪೇಂಟ್ ಬದಲು ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿದರೆ ಗಾಢ ಬಣ್ಣವೂ ಬರುತ್ತದೆ, ಗೆದ್ದಲೂ ದೂರ. ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸ್ ಹಾಕಿಸಿ.

ತುಂಗಾತೀರ:
ಹಸಿ ಮರ ಬಳಸಬಹುದಾ?

ಹೊನ್ನೆಮರ:
ಓಕ್ ಒಣಗಿದರೆ ಉಳಿಗೆ ಬಗ್ಗುವುದಿಲ್ಲ, ಅದಕ್ಕೇ ಅವರು ಹಸಿಯಲ್ಲೇ ಕೆತ್ತುತ್ತಿದ್ದರು. ಜೋಡಣೆಯಲ್ಲಿ ಕೂಡುವ ಎರಡು ಮರಗಳ ತೂತು ಒಂದಕ್ಕೊಂದು ಎರಡು-ಮೂರು ಮಿಲಿಮೀಟರ್ ಆಚೀಚೆ ಬರುವಂತೆ ಕೊರೆದು ಒಣ ಗೂಟ ಹೊಡೆದರೆ, ಗೂಟವೇ ಸಂದನ್ನು ಎಳೆದು ಬಿಗಿಮಾಡುತ್ತದೆ. ನಿಮಗೆ ಕೆಡವಿದ ಮನೆಗಳ ಹಳೇ ಹೊನ್ನೆ, ಹಲಸು ಸಿಕ್ಕರೆ ಅದೇ ಮೇಲು. ತುದಿ ಕುಟ್ಟಿ ನೋಡಿ, ಬೊದ್ದು ಸದ್ದು ಬಂದರೆ ಅಷ್ಟನ್ನು ಕೊಯ್ದು ತೆಗೆಸಿ.