ಪೇಮೆಂಟ್ ಆ್ಯಪ್‌ನಲ್ಲೇ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡಬಹುದಾ? ಏಜೆಂಟರಿಗೆ ದುಡ್ಡು ಕೊಡದೆ ಮುಗಿಸೋದು ಹೇಗೆ?

ಹೊಸಲೆಕ್ಕ (ಪ್ರಶ್ನೆ, ಆಗಸ್ಟ್ 2025)

2024-25ರ ಲೆಕ್ಕ ಇದು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಂಪನಿ, ಸಂಬಳ 4,20,000. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು, ಅಲ್ಲಿ 5,40,000. ಮೊದಲನೆಯವರು 13,780 ಟಿಡಿಎಸ್ (ಸಂಬಳದಲ್ಲೇ ಮುಂಚಿತವಾಗಿ ಹಿಡಿಯುವ ತೆರಿಗೆ) ಹಿಡಿದಿದ್ದಾರೆ, ಎರಡನೆಯವರು ಏನೂ ಹಿಡಿದಿಲ್ಲ. ಎಫ್‌ಡಿ ಬಡ್ಡಿ 20,800, ಎಸ್‌ಬಿ ಬಡ್ಡಿ 4,200. ಷೇರು, ಬಾಡಿಗೆ ಆದಾಯ, ಗೃಹಸಾಲ ಯಾವುದೂ ಇಲ್ಲ.

ಏಜೆಂಟರು 1,500 ಕೇಳ್ತಿದ್ದಾರೆ. ಪೇಮೆಂಟ್ ಆ್ಯಪ್‌ಗಳಲ್ಲಿ ‘ಇನ್‌ಕಮ್ ಟ್ಯಾಕ್ಸ್’ ಅಂತ ಇರುತ್ತಲ್ಲ, ಅದರಲ್ಲಿ ದುಡ್ಡು ಕಟ್ಟಿದರೆ ರಿಟರ್ನ್ ಫೈಲ್ ಆದಂತೆಯಾ? ಇನ್ನೊಂದು, ಎರಡು ಕಡೆಯ ಸಂಬಳವೂ 7 ಲಕ್ಷದ ಒಳಗಿದೆ. ತೆರಿಗೆ ಬರೋದೇ ಇಲ್ಲ ಅಲ್ವಾ?

ಖಾತೆಪುಸ್ತಕ

ಆಗಲ್ಲ. ತೆರಿಗೆ ಕಟ್ಟುವುದು ಒಂದು ಕೆಲಸ, ರಿಟರ್ನ್ ಸಲ್ಲಿಸುವುದು ಇನ್ನೊಂದು. 2023ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಫೋನ್‌ಪೇ ಈ ಸೌಲಭ್ಯ ತಂದಾಗ ಕೊಟ್ಟದ್ದು ಅಡ್ವಾನ್ಸ್ ಟ್ಯಾಕ್ಸ್ (ವರ್ಷದೊಳಗೇ ಕಂತಿನಲ್ಲಿ ಕಟ್ಟುವುದು) ಮತ್ತು ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ (ವರ್ಷ ಮುಗಿದ ಮೇಲೆ ಕಟ್ಟುವ ಬಾಕಿ) ಕಟ್ಟುವ ದಾರಿ ಮಾತ್ರ. ದುಡ್ಡು ಇಲಾಖೆಗೆ ಹೋಗುತ್ತೆ, ರಿಟರ್ನ್ ಹೋಗಲ್ಲ. ಬರೀ ದುಡ್ಡು ಕಟ್ಟಿ ಕೂತರೆ ಇಲಾಖೆಯ ಲೆಕ್ಕದಲ್ಲಿ ನೀವು ರಿಟರ್ನ್ ಸಲ್ಲಿಸದವರೇ. ಸಲ್ಲಿಸುವ ಜಾಗ ಇಲಾಖೆಯ ಇ-ಫೈಲಿಂಗ್ ಪೋರ್ಟಲ್. ಅದಕ್ಕೆ ಒಂದು ರೂಪಾಯಿ ಶುಲ್ಕವೂ ಇಲ್ಲ. ಯುಪಿಐ ಆ್ಯಪ್ ಬೇಕಾಗುವುದು ಕೊನೆಯಲ್ಲಿ, ಬಾಕಿ ಕಟ್ಟುವಾಗ.

ಇನ್ನು ಎರಡನೇ ಪ್ರಶ್ನೆ. ಕೆಲಸ ಬದಲಿಸಿದವರು ಸಿಕ್ಕಿಬೀಳುವುದೇ ಇಲ್ಲಿ. ಎರಡನೇ ಕಂಪನಿಗೆ ಫಾರ್ಮ್ 12ಬಿಯಲ್ಲಿ ಹಳೆಯ ಸಂಬಳ ತಿಳಿಸದಿದ್ದರೆ, ಅವರು 5,40,000ರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 4,65,000 ಎಂದು ನೋಡುತ್ತಾರೆ. ಆ ವರ್ಷದ ಮಿತಿ 7 ಲಕ್ಷದೊಳಗಿದೆ, ಆದಾಯ ತೆರಿಗೆ ಕಾಯ್ದೆಯ 87ಎ ರಿಬೇಟ್ (ತೆರಿಗೆ ಮನ್ನಾ) ಸಿಗುತ್ತೆ, ಹಾಗಾಗಿ ಟಿಡಿಎಸ್ ಸೊನ್ನೆ. ಅವರ ಮಟ್ಟಿಗೆ ಲೆಕ್ಕ ಸರಿ. ಆದರೆ ರಿಬೇಟ್ ನೋಡುವುದು ವರ್ಷದ ಒಟ್ಟು ಆದಾಯದ ಮೇಲೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ವರ್ಷಕ್ಕೆ ಒಂದೇ ಸಲ.

ನಿಮ್ಮ ಲೆಕ್ಕ, 2024-25ರ ದರದಂತೆ ಹೊಸ ಪದ್ಧತಿಯಲ್ಲಿ (ದರ ಕಡಿಮೆ, ಕಡಿತಗಳೂ ಕಡಿಮೆ): ಸಂಬಳ 9,60,000, ಕಳೆ 75,000, ಉಳಿದದ್ದು 8,85,000. ಬಡ್ಡಿ 25,000 ಸೇರಿ 9,10,000. ಮೊದಲ 3 ಲಕ್ಷಕ್ಕೆ ಏನಿಲ್ಲ. 3ರಿಂದ 7 ಲಕ್ಷದವರೆಗೆ ಶೇ. 5, ಅಂದರೆ 20,000. ಮಿಕ್ಕ 2,10,000ಕ್ಕೆ ಶೇ. 10, ಅಂದರೆ 21,000. ಒಟ್ಟು 41,000. ಶೇ. 4 ಸೆಸ್ 1,640 ಸೇರಿ 42,640. ಟಿಡಿಎಸ್ 13,780 ಕಳೆದರೆ ಬಾಕಿ 28,860.

ಇಷ್ಟಕ್ಕೇ ಮುಗಿಯಲ್ಲ. ಟಿಡಿಎಸ್ ಕಳೆದ ಮೇಲೂ ಬಾಕಿ 10,000 ದಾಟಿದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕಿತ್ತು. ಕಟ್ಟಿಲ್ಲವಾದ್ದರಿಂದ ಬಡ್ಡಿ ಬೀಳುತ್ತೆ. 234ಬಿ ಪ್ರಕಾರ ಏಪ್ರಿಲ್ 1ರಿಂದ ತಿಂಗಳಿಗೆ ಶೇ. 1, ತಿಂಗಳ ಒಂದು ದಿನ ಹಿಡಿದರೂ ಪೂರ್ತಿ ತಿಂಗಳು. ಆಗಸ್ಟ್‌ನಲ್ಲಿ ಕಟ್ಟಿದರೆ 5 ತಿಂಗಳು. ನೂರರ ಕೆಳಗಿನ ಚಿಲ್ಲರೆ ಬಿಟ್ಟು 28,800ರ ಮೇಲೆ 1,440. 234ಸಿ ನಾಲ್ಕು ಕಂತು ತಪ್ಪಿಸಿದ್ದಕ್ಕೆ: 129, 387, 648, 288, ಒಟ್ಟು 1,452. ಎಲ್ಲ ಸೇರಿ 31,752, ಹತ್ತಕ್ಕೆ ಸರಿಮಾಡಿ 31,750. ಸೆಪ್ಟೆಂಬರ್‌ಗೆ ಜಾರಿದರೆ ಇನ್ನೊಂದು 288. ರಿಟರ್ನ್ ಸಲ್ಲಿಸುವ ಕೊನೆಯ ದಿನ ಈ ಸಲ 2025ರ ಸೆಪ್ಟೆಂಬರ್ 15ಕ್ಕೆ ಮುಂದೆ ಹೋಗಿದೆ ನಿಜ, ಆದರೆ ಅದಕ್ಕಾಗಿ 234ಬಿ ಬಡ್ಡಿ ನಿಲ್ಲುವುದಿಲ್ಲ.

ಹಳೆಯ ಪದ್ಧತಿಗೆ ಹೋದರೆ ಉಳಿಯುತ್ತಾ ಅಂತ ಕೇಳುವ ಮೊದಲೇ ಹೇಳ್ತೀನಿ. ಇದೇ 41,000 ತೆರಿಗೆಗೆ ಇಳಿಯಬೇಕಾದರೆ ಅಲ್ಲಿ ಒಟ್ಟು 3,42,500 ಕಡಿತ ತೋರಿಸಬೇಕು. ಅದರಲ್ಲಿ 50,000 ಸ್ಟ್ಯಾಂಡರ್ಡ್, 80ಸಿ (ಪಿಎಫ್, ವಿಮೆಯಂಥ ಉಳಿತಾಯ) ಪೂರ್ತಿ ತುಂಬಿದ್ದರೆ 1,50,000, ಆ ವರ್ಷ ಕರ್ನಾಟಕದಲ್ಲಿ ಹಿಡಿದ ಪ್ರೊಫೆಷನಲ್ ಟ್ಯಾಕ್ಸ್ 2,400, ಎಸ್‌ಬಿ ಬಡ್ಡಿಗೆ 80ಟಿಟಿಎ ಅಡಿ 4,200. ಇನ್ನೂ ಸುಮಾರು 1.36 ಲಕ್ಷ ಎಚ್‌ಆರ್‌ಎ (ಸಂಬಳದ ಬಾಡಿಗೆ ಭತ್ಯೆ) ಇಲ್ಲವೇ ಆರೋಗ್ಯ ವಿಮೆಯಿಂದ ಬರಬೇಕು. ನಿಜವಾದ ಬಾಡಿಗೆ ರಸೀದಿ ಇದ್ದರೆ ಕೂಡಿ ನೋಡಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಮೂರನೇಮಹಡಿ

ಮೇಲಿನ ಲೆಕ್ಕ ಸರಿಯಿದೆ. ಪೋರ್ಟಲ್‌ನಲ್ಲಿ ಕೈ ಎಲ್ಲಿ ತಪ್ಪುತ್ತೆ ಅನ್ನೋದನ್ನ ಹೇಳ್ತೀನಿ.

ಲಾಗಿನ್‌ಗೆ ಪ್ಯಾನ್ ನಂಬರೇ ಯೂಸರ್ ಐಡಿ. ಫಾರ್ಮ್ ತೆರೆಯುವ ಮುಂಚೆ ಎಐಎಸ್ ಮತ್ತು 26ಎಎಸ್ (ನಿಮ್ಮ ಆದಾಯ, ತೆರಿಗೆ ಬಗ್ಗೆ ಇಲಾಖೆಯ ಬಳಿ ಇರುವ ಪಟ್ಟಿಗಳು) ಎರಡನ್ನೂ ಇಳಿಸಿಕೊಳ್ಳಿ. 26ಎಎಸ್‌ನಲ್ಲಿ ಟಿಡಿಎಸ್ ಸಿಗುತ್ತೆ, ಎಐಎಸ್‌ನಲ್ಲಿ ಬಡ್ಡಿ ಸಿಗುತ್ತೆ. ನಿಮ್ಮ ಎಫ್‌ಡಿ ಬಡ್ಡಿ ಆ ವರ್ಷದ ಮಿತಿ 40,000 ದಾಟಿಲ್ಲವಾದ್ದರಿಂದ ಬ್ಯಾಂಕು ಟಿಡಿಎಸ್ ಹಿಡಿದಿರಲ್ಲ. 26ಎಎಸ್ ಒಂದನ್ನೇ ನೋಡಿದವರು ಆ ಬಡ್ಡಿ ಬಿಡ್ತಾರೆ, ಆಮೇಲೆ ‘ತಾಳೆಯಾಗುತ್ತಿಲ್ಲ’ ಅಂತ ಮೆಸೇಜ್ ಬರುತ್ತೆ.

ಇ-ಫೈಲ್, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ಫೈಲ್ ಇನ್‌ಕಮ್ ಟ್ಯಾಕ್ಸ್ ರಿಟರ್ನ್. ಅಸೆಸ್‌ಮೆಂಟ್ ಇಯರ್ 2025-26, ಆನ್‌ಲೈನ್, ಇಂಡಿವಿಜುವಲ್, ಐಟಿಆರ್-1. ಸಂಬಳ ಮತ್ತು ಬಡ್ಡಿ ಅಷ್ಟೇ ಇದ್ದು ಆದಾಯ 50 ಲಕ್ಷದೊಳಗಿದ್ದರೆ ಇದೇ ಸಾಕು. ಕಂಪನಿ ಕೊಟ್ಟ ವಿದೇಶಿ ಷೇರು, ಕ್ರಿಪ್ಟೊ, ಅಲ್ಪಾವಧಿ ಷೇರು ಲಾಭ, ಇವುಗಳಲ್ಲಿ ಒಂದಿದ್ದರೂ ಐಟಿಆರ್-1 ನಡೆಯಲ್ಲ, ಐಟಿಆರ್-2ಕ್ಕೆ ಹೋಗಬೇಕು.

ಮೊದಲೇ ತುಂಬಿ ಬರುವ ಸಂಬಳವನ್ನು ನಂಬಬೇಡಿ. ಟಿಡಿಎಸ್ ಹಿಡಿಯದ ಕಂಪನಿಯ ಸಂಬಳ ಅದರಲ್ಲಿ ಬರದೇ ಇರಬಹುದು, ಆ ಕಂಪನಿ ಫಾರ್ಮ್ 16 ಕೊಡದೆಯೂ ಇರಬಹುದು. ಆರು ತಿಂಗಳ ಸ್ಯಾಲರಿ ಸ್ಲಿಪ್ ಕೂಡಿ, 17(1) (ಸಂಬಳ) ಅಂತಿರುವ ಸಾಲಿನಲ್ಲಿ ಎರಡೂ ಸೇರಿಸಿ 9,60,000 ಬರೆಯಿರಿ. 75,000 ಅದೇ ಕಳೆದುಕೊಳ್ಳುತ್ತೆ. ಬಡ್ಡಿಯನ್ನು ‘ಇತರೆ ಮೂಲ’ದಲ್ಲಿ ಎಸ್‌ಬಿ ಬೇರೆ, ಎಫ್‌ಡಿ ಬೇರೆ ಹಾಕಿ.

ಎಲ್ಲಾ ತುಂಬಿದ ಮೇಲೆ ಕೊಡಬೇಕಾದ ಮೊತ್ತ ತೋರಿಸುತ್ತೆ. 31,750ಕ್ಕೆ ತಾಳೆಯಾಗದಿದ್ದರೆ ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ, ಮುಂದೆ ಹೋಗಬೇಡಿ. ಡ್ರಾಫ್ಟ್ ಸೇವ್ ಆಗಿರುತ್ತೆ, ಅವಸರ ಇಲ್ಲ. ‘ಪೇ ಲೇಟರ್’ ಅಂತಲೂ ಒಂದು ಬಟನ್ ಇದೆ. ಅದನ್ನು ಒತ್ತಿ ಸಲ್ಲಿಸಿದರೆ ಬಾಕಿ ಹಾಗೇ ಉಳಿದು ಡಿಮ್ಯಾಂಡ್ ನೋಟಿಸ್ ಆಗಿ ವಾಪಸ್ ಬರುತ್ತೆ.

ಯುಪಿಐಗುರು

ಕಟ್ಟುವ ಭಾಗ ನನ್ನದು.

‘ಪೇ ನೌ’ ಒತ್ತಿದರೆ ಇ-ಪೇ ಟ್ಯಾಕ್ಸ್ ತೆರೆಯುತ್ತೆ. ಪೇಮೆಂಟ್ ಬಗೆಯಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್, ಕೋಡ್ 300. ಅಡ್ವಾನ್ಸ್ ಟ್ಯಾಕ್ಸ್ 100 ಅಲ್ಲ, ಅದರ ಕಾಲ ಮಾರ್ಚ್ 31ಕ್ಕೇ ಮುಗಿದಿದೆ. ಟ್ಯಾಕ್ಸ್ ಸಾಲಿನಲ್ಲಿ 28,860, ಇಂಟ್ರೆಸ್ಟ್ ಸಾಲಿನಲ್ಲಿ 2,890 ಹಾಕಿ. ಮುಂದಿನ ಪುಟದಲ್ಲಿ ನೆಟ್ ಬ್ಯಾಂಕಿಂಗ್, ಡೆಬಿಟ್ ಕಾರ್ಡ್, ಬ್ಯಾಂಕ್ ಕೌಂಟರ್, ಆರ್‌ಟಿಜಿಎಸ್, ಪೇಮೆಂಟ್ ಗೇಟ್‌ವೇ ಅಂತ ಇರುತ್ತೆ. ಯುಪಿಐ ಅಂತ ಬೇರೆ ಹೆಸರು ಕಾಣಲ್ಲ, ಅದು ಪೇಮೆಂಟ್ ಗೇಟ್‌ವೇ ಒಳಗಿದೆ. ಇಲ್ಲೇ ಎಷ್ಟೋ ಜನ ಯುಪಿಐ ಇಲ್ಲ ಅಂದುಕೊಂಡು ವಾಪಸ್ ಬರ್ತಾರೆ. ಗೇಟ್‌ವೇ ಕೊಡುವ ಬ್ಯಾಂಕು ಆರಿಸಿ, ಒಳಗೆ ಯುಪಿಐ ಆರಿಸಿ, ಕ್ಯೂಆರ್ ಸ್ಕ್ಯಾನ್ ಮಾಡಿ. ಗೂಗಲ್ ಪೇ, ಫೋನ್‌ಪೇ, ಭೀಮ್, ಯಾವುದಾದರೂ ಆಗುತ್ತೆ. ಯುಪಿಐಗೆ ಶುಲ್ಕ ಇಲ್ಲ. ಕ್ರೆಡಿಟ್ ಕಾರ್ಡ್ ಒತ್ತಿದರೆ ಶುಲ್ಕ, ಅದರ ಮೇಲೆ ಜಿಎಸ್‌ಟಿ ಬೇರೆ. ಉಚಿತ ಅಂತ ಹೊರಟು ಅಲ್ಲಿ ಕಳೆದುಕೊಳ್ಳಬೇಡಿ.

ಮಿತಿಯ ವಿಚಾರ: ತೆರಿಗೆಗೆ ಒಂದು ಸಲಕ್ಕೆ 5 ಲಕ್ಷದವರೆಗೆ ಯುಪಿಐ ನಡೆಯುತ್ತೆ, 2024ರ ಸೆಪ್ಟೆಂಬರ್‌ನಿಂದ. ಆದರೂ ‘ಲಿಮಿಟ್ ಮೀರಿದೆ’ ಅಂತ ಬಂದರೆ ಮೊದಲು ಫೋನ್ ನೋಡಿ. ಹೊಸ ಫೋನಿನಲ್ಲಿ ಯುಪಿಐ ಹಾಕಿ 24 ಗಂಟೆ ಆಗದಿದ್ದರೆ 5,000ಕ್ಕಿಂತ ಹೆಚ್ಚು ಹೋಗಲ್ಲ. ನಿಮ್ಮ ಬ್ಯಾಂಕಿನದೇ ಕಡಿಮೆ ಮಿತಿ ಇರುವುದೂ ಉಂಟು.

ದುಡ್ಡು ಕಟ್ ಆಗಿ ರಸೀದಿ ಬಾರದಿದ್ದರೆ ತಕ್ಷಣ ಎರಡನೇ ಸಲ ಕಟ್ಟಬೇಡಿ. ಇ-ಪೇ ಟ್ಯಾಕ್ಸ್‌ನ ಪೇಮೆಂಟ್ ಹಿಸ್ಟರಿಯಲ್ಲಿ ನೋಡಿ, ಮರುದಿನವೂ ನೋಡಿ. ಚಲನ್‌ಗೆ ಸಿಆರ್‌ಎನ್ ಅಂತ ಬರುವ ನಂಬರ್ 15 ದಿನ ಜೀವಂತ, ಓಡಿಹೋಗಲ್ಲ. ಗಾಬರಿಯಲ್ಲಿ ಎರಡು ಸಲ ಕಟ್ಟಿದ್ದೇ ಆದರೆ ಎರಡೂ ಚಲನ್ ರಿಟರ್ನ್‌ನಲ್ಲಿ ಬರೆಯಿರಿ, ಹೆಚ್ಚಿನದು ರಿಫಂಡ್ ಆಗುತ್ತೆ.

ರಸೀದಿಯಲ್ಲಿ 7 ಅಂಕಿಯ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ಗುರುತು), ತಾರೀಕು, ಚಲನ್ ಸೀರಿಯಲ್ ನಂಬರ್ ಇರುತ್ತೆ. ಡ್ರಾಫ್ಟ್‌ಗೆ ವಾಪಸ್ ಬಂದು ‘ಟ್ಯಾಕ್ಸ್ ಪೇಯ್ಡ್’ ಭಾಗದಲ್ಲಿ ಇವು ತುಂಬಿವೆಯಾ ನೋಡಿ, ಇಲ್ಲದಿದ್ದರೆ ಕೈಯಲ್ಲಿ ಬರೆಯಿರಿ. ಬಾಕಿ ಸೊನ್ನೆ ಆಗಬೇಕು. ಪೋರ್ಟಲ್‌ನಿಂದ ಹೋಗದೆ ಫೋನ್‌ಪೇ ಒಳಗಿನ ಸೌಲಭ್ಯದಲ್ಲೇ ಕಟ್ಟುವುದಾದರೆ, ಸೇವೆ ಶುರುವಾದಾಗ ಅವರು ಹೇಳಿದ ಲೆಕ್ಕದಂತೆ ಯುಟಿಆರ್‌ಗೆ (ಪಾವತಿಯ ಗುರುತಿನ ನಂಬರ್) ಒಂದು ಕೆಲಸದ ದಿನ, ಚಲನ್‌ಗೆ ಎರಡು. ಕೊನೆಯ ದಿನದ ರಾತ್ರಿ ಆ ದಾರಿ ಹಿಡಿಯಬಾರದು ಅನ್ನೋದು ಅದಕ್ಕೇ.

ಹೊಸಲೆಕ್ಕ

31,750 ಅಂತ ನೋಡಿ ಎದೆ ಧಸಕ್ ಅಂತು, ಆದರೆ ಅರ್ಥ ಆಯ್ತು. ಏಜೆಂಟರು ‘ರಿಫಂಡ್ ಬರೋ ಹಾಗೆ ಮಾಡಿಕೊಡ್ತೀನಿ’ ಅಂದಿದ್ದರು. ಅದು ಹೇಗೆ ಸಾಧ್ಯ?

ಖಾತೆಪುಸ್ತಕ

ಇಲ್ಲದ ಬಾಡಿಗೆ, ರಾಜಕೀಯ ಪಕ್ಷಕ್ಕೆ ಕೊಡದ ದೇಣಿಗೆ ತೋರಿಸಿದರೆ ಮಾತ್ರ ಸಾಧ್ಯ. ಬೇರೆ ದಾರಿ ಇಲ್ಲ. ಇಂಥ ಸುಳ್ಳು ಕಡಿತ ಹಾಕಿಸುವವರ ಮೇಲೆ ಇಲಾಖೆ 2025ರ ಜುಲೈ 14ರಂದು ದೇಶದ 150 ಕಡೆ ತಪಾಸಣೆ ನಡೆಸಿದೆ. ತಪ್ಪು ಮಾಹಿತಿ ಕೊಟ್ಟದ್ದಕ್ಕೆ ದಂಡ, ತಪ್ಪಿಸಿದ ತೆರಿಗೆಯ ಶೇ. 200. ಕಟ್ಟುವವರು ನೀವು, ಏಜೆಂಟರಲ್ಲ.

ಬೇಕರಿಲೆಕ್ಕ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಅಂಗಡಿಯವರೂ ಹೀಗೇ ಮಾಡಬಹುದಾ? ಯುಪಿಐ ಲೆಕ್ಕ ನೋಡಿ ನೋಟಿಸ್ ಬಂತು ಅಂತ ಎಲ್ಲರೂ ಕ್ಯೂಆರ್ ಕಿತ್ತು ಹಾಕ್ತಿದ್ದಾರೆ.

ಖಾತೆಪುಸ್ತಕ

ಅದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ಜಿಎಸ್‌ಟಿ ನೋಟಿಸ್, ಆದಾಯ ತೆರಿಗೆಯದ್ದಲ್ಲ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಅನ್ನೋದು ಅದರ ತಕರಾರು. ಆದಾಯ ತೆರಿಗೆಯಲ್ಲಿ ಯುಪಿಐ ನಿಮಗೆ ಲಾಭವೇ. 44ಎಡಿ (ಸಣ್ಣ ವ್ಯಾಪಾರಿಗಳ ಅಂದಾಜು ಲಾಭದ ನಿಯಮ) ಅಡಿ ನಗದು ವ್ಯಾಪಾರಕ್ಕೆ ಶೇ. 8 ಲಾಭ ತೋರಿಸಬೇಕು, ಯುಪಿಐಯಲ್ಲಿ ಬಂದದ್ದಕ್ಕೆ ಶೇ. 6 ಸಾಕು. 30 ಲಕ್ಷ ವ್ಯಾಪಾರ ಪೂರ್ತಿ ಯುಪಿಐ ಆದರೆ 1,80,000, ಪೂರ್ತಿ ನಗದಾದರೆ 2,40,000. ಲಾಭ ನಿಜಕ್ಕೂ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು ಅನ್ನಿ. ಫಾರ್ಮ್ ಐಟಿಆರ್-4, ಅದೂ ಉಚಿತ.

ಹೊಸಲೆಕ್ಕ

ಕಟ್ಟಿಬಿಟ್ಟೆ. ಆದರೆ ರಸೀದಿಯಲ್ಲಿ ಅಸೆಸ್‌ಮೆಂಟ್ ಇಯರ್ 2024-25 ಅಂತ ಬಂದಿದೆ! 2024-25ರ ಸಂಬಳ ಅಲ್ವಾ ಅಂತ ಅದನ್ನೇ ಒತ್ತಿದೆ.

ಯುಪಿಐಗುರು

ಅತಿ ಹೆಚ್ಚು ಆಗುವ ತಪ್ಪು ಇದೇ. ದುಡಿದದ್ದು 2024-25, ಅಸೆಸ್‌ಮೆಂಟ್ ಇಯರ್ ಅದರ ಮುಂದಿನದು. ಪೋರ್ಟಲ್‌ನಲ್ಲಿ ಸರ್ವಿಸಸ್ ಒಳಗೆ ಚಲನ್ ಕರೆಕ್ಷನ್ ಇದೆ. ವರ್ಷ ತಿದ್ದಲು ಕಟ್ಟಿದ ದಿನದಿಂದ 7 ದಿನ ಅವಕಾಶ. ಕೋಡ್ ತಪ್ಪಾಗಿದ್ದರೆ 30 ದಿನ. ದಿನ ಮೀರಿದರೆ ನಿಮ್ಮ ವಾರ್ಡಿನ ಅಸೆಸಿಂಗ್ ಆಫೀಸರ್‌ಗೆ ಅರ್ಜಿ ಹಿಡಿದು ಹೋಗಬೇಕು. ಇವತ್ತೇ ಹಾಕಿ, ತಿದ್ದುಪಡಿ ಒಪ್ಪಿಗೆಯಾದ ಮೇಲೆ ರಿಟರ್ನ್ ಸಲ್ಲಿಸಿ.

ಮೂರನೇಮಹಡಿ

ಸಲ್ಲಿಸಿದ ಮೇಲೆ ಇ-ವೆರಿಫೈ ಮರೀಬೇಡಿ. ಆಧಾರ್ ಒಟಿಪಿಯಲ್ಲಿ ಒಂದು ನಿಮಿಷದ ಕೆಲಸ, 30 ದಿನದೊಳಗೆ ಆಗಬೇಕು. ತಡವಾದರೆ ವೆರಿಫೈ ಮಾಡಿದ ದಿನವೇ ಸಲ್ಲಿಸಿದ ದಿನ ಅಂತಾಗುತ್ತೆ, ಅದು ಕೊನೆಯ ದಿನ ದಾಟಿದ್ದರೆ ನಿಮ್ಮ ಆದಾಯಕ್ಕೆ 5,000 ಲೇಟ್ ಫೀ ಬೀಳುತ್ತೆ. ಆಧಾರ್‌ಗೆ ಹಳೆಯ ಮೊಬೈಲ್ ನಂಬರ್ ಇದ್ದರೆ ನೆಟ್ ಬ್ಯಾಂಕಿಂಗ್‌ನಿಂದ ಲಾಗಿನ್ ಆಗಿ ಮಾಡಬಹುದು. ಅದೂ ಆಗದಿದ್ದರೆ ಐಟಿಆರ್-ವಿ (ಸಲ್ಲಿಕೆಯ ಸ್ವೀಕೃತಿ) ಪ್ರಿಂಟ್ ತೆಗೆದು ಸಹಿ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲಿ ಬೆಂಗಳೂರಿನ ಸಿಪಿಸಿಗೆ (ಇಲಾಖೆಯ ರಿಟರ್ನ್ ಸಂಸ್ಕರಣಾ ಕೇಂದ್ರ) ಕಳಿಸಿ, ಪಿನ್ 560500. ಆಮೇಲೆ 143(1) (ರಿಟರ್ನ್ ಪರಿಶೀಲನೆಯ ಫಲಿತಾಂಶ) ಅಂತ ಇಮೇಲ್‌ನಲ್ಲಿ ಪಿಡಿಎಫ್ ಬರುತ್ತೆ. ಅದರ ಪಾಸ್‌ವರ್ಡ್ ಸಣ್ಣ ಅಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿಸಿ ಹುಟ್ಟಿದ ತಾರೀಕಿನ ಎಂಟು ಅಂಕಿ. ನೀವು ಬರೆದದ್ದು, ಇಲಾಖೆ ಲೆಕ್ಕ ಹಾಕಿದ್ದು, ಈ ಎರಡು ಕಾಲಮ್ಮಿನ ಮೊತ್ತ ಒಂದೇ ಇದ್ದು, ಕೊನೆಯ ಸಾಲಿನಲ್ಲಿ ಸೊನ್ನೆ ಇದ್ದರೆ ಕೆಲಸ ಮುಗೀತು.