ಡಿಫರೆನ್ಷಿಯಲ್ ‘ಕಟ್ಟುವುದು’: ಕೈಪಿಡಿಗೆ ಒಪ್ಪುವ ಮಾತೇ?

ಉಡುಪಿಯ ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪಿಕಪ್ ವಾಹನದ ಸವೆದ ಹಿಂಬದಿ ಡಿಫರೆನ್ಷಿಯಲನ್ನು ಸರಿಪಡಿಸುವ ಅಧ್ಯಾಯದಲ್ಲಿ ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಒಂದು, ಈ ಕೆಲಸಕ್ಕೇ ಇಡಬೇಕಾದ ಹೆಸರು. ಇನ್ನೊಂದು, ಗೇರಿನ ಹಲ್ಲು ಹಲ್ಲಿನ ನಡುವೆ ಬೇಕೆಂದೇ ಉಳಿಸುವ ಎಡೆಯ ಹೆಸರು.

ಡಿಫರೆನ್ಷಿಯಲ್ ಎಂಬ ಹೆಸರನ್ನು ಬದಲಿಸುವ ಯೋಚನೆ ನನಗಿಲ್ಲ. ಆಗುಂಬೆಯ ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆ ಎಡೆಮಾಡಿಕೊಡುವ ಗೇರುಗಳ ಗುಂಪಿಗೆ ಗಣಿತದಲ್ಲಿ ಡಿಫರೆನ್ಷಿಯಲಿಗಿರುವ ‘ಅವಕಲ’ ಎಂಬ ಪದವನ್ನು ತಂದು ಅಂಟಿಸಿದರೆ ಯಾರಿಗೂ ಪ್ರಯೋಜನವಿಲ್ಲ. ಕ್ರೌನ್ (ದೊಡ್ಡ ಹಲ್ಲುಚಕ್ರ), ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ), ಶಿಮ್ (ಎಡೆ ಹೊಂದಿಸಲು ಇಡುವ ತೆಳು ಬಿಲ್ಲೆ), ಆಕ್ಸಲ್ (ಚಕ್ರದ ಅಚ್ಚು) ಕೂಡ ಹಾಗೆಯೇ ಇರಲಿ. ‘ಸವೆದ’ ಎಂಬುದರ ಬದಲು ‘ಸವಕಳಿಯಾದ’ ಎಂದು ಬರೆಯಲು ಒಬ್ಬರು ಹೇಳಿದರು. ಲೆಕ್ಕಪತ್ರದಲ್ಲಿ ವಾಹನದ ಬೆಲೆ ವರ್ಷವರ್ಷವೂ ಇಳಿಯುವುದಕ್ಕೆ ಆ ಮಾತು ಆಗಲೇ ಮೀಸಲಾಗಿರುವುದರಿಂದ ನಾನು ಒಪ್ಪಲಿಲ್ಲ.

ಈಗ ಮೊದಲನೆಯ ಪದ. ನಮ್ಮ ಗ್ಯಾರೇಜುಗಳಲ್ಲಿ ‘ಇಂಜಿನ್ ಕಟ್ಟಬೇಕು’, ‘ಡಿಫರೆನ್ಷಿಯಲ್ ಬಿಚ್ಚಿ ಕಟ್ಟಬೇಕು’ ಎನ್ನುತ್ತಾರೆ. ಕರಡು ನೋಡಿದ ಹಿರಿಯ ಅಧ್ಯಾಪಕರೊಬ್ಬರು ಅದನ್ನು ಹೊಡೆದುಹಾಕಿ ‘ಪುನರ್ನಿರ್ಮಾಣ’ ಎಂದು ತಿದ್ದಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ, ಆದರೆ ಈ ತಿದ್ದುಪಡಿ ನನಗೆ ಸರಿಕಾಣುವುದಿಲ್ಲ. ಪುನರ್ನಿರ್ಮಾಣ ಕುಸಿದ ಸೇತುವೆಗೆ, ನೆರೆಯಲ್ಲಿ ಕೊಚ್ಚಿಹೋದ ಊರಿಗೆ ಸಲ್ಲುವ ಮಾತು. ‘ದುರಸ್ತಿ’ ಎಂದರೆ ಆಯಿಲ್ ಸೀಲ್ ಬದಲಿಸುವುದೂ ದುರಸ್ತಿಯೇ. ‘ಮರುಜೋಡಣೆ’ ಎಂದರೆ ಬಿಚ್ಚಿದ್ದನ್ನು ಬಿಚ್ಚಿದಂತೆಯೇ ಕೂರಿಸಿದ ಹಾಗಾಯಿತು. ಇಲ್ಲಿ ನಡೆಯುವುದು ಅದಲ್ಲ. ಆಕ್ಸಲ್ ಎಳೆದು, ಇಂಜಿನ್ ಕಡೆಯಿಂದ ತಿರುಗುಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಒಳಗಿನದನ್ನು ಹೊರತೆಗೆದ ಮೇಲೆ ಕ್ರೌನ್ ಮತ್ತು ಪಿನಿಯನ್ನನ್ನು ಜೋಡಿಯಾಗಿಯೇ ಹೊಸದು ಹಾಕಬೇಕು. ಕಾರ್ಖಾನೆಯಲ್ಲಿ ಅವೆರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ. ಒಂದು ಹಳೆಯದು, ಇನ್ನೊಂದು ಹೊಸದು ಸೇರಿದರೆ ಗೇರಿನ ಕೂಗು ನಿಲ್ಲುವುದಿಲ್ಲ. ಬೇರಿಂಗು ಹೊಸದು. ಶಿಮ್ಮಿನ ದಪ್ಪವನ್ನು ಅಳೆದು ಆರಿಸಬೇಕು.

ಪಿನಿಯನ್ ಬೇರಿಂಗಿನ ಬಿಗಿಯೇ ಇದರಲ್ಲಿ ಕಷ್ಟದ ಭಾಗ. ಬಹಳಷ್ಟು ವಾಹನಗಳಲ್ಲಿ ಎರಡು ಬೇರಿಂಗುಗಳ ನಡುವೆ ಲೋಹದ ಒಂದು ಕೊಳವೆ ಇರುತ್ತದೆ. ನಟ್ಟು ಬಿಗಿಸುತ್ತಾ ಹೋದಂತೆ ಅದು ಕುಗ್ಗುತ್ತದೆ. ಬಿಗಿ ಕಡಿಮೆಯಾದರೆ ಪಿನಿಯನ್ ಅಲುಗುತ್ತದೆ, ಹೆಚ್ಚಾದರೆ ಬೇರಿಂಗ್ ಸುಟ್ಟುಹೋಗುತ್ತದೆ. ಮಿತಿ ಮೀರಿದ ಮೇಲೆ ನಟ್ಟನ್ನು ಹಿಂದಕ್ಕೆ ತಿರುಗಿಸಿ ಸರಿಮಾಡುವಂತಿಲ್ಲ, ಹೊಸ ಕೊಳವೆಯನ್ನೇ ಹಾಕಬೇಕು. ನಮ್ಮ ಜಿಲ್ಲೆಗಳಲ್ಲಿ ಬೀಡಿ ಕಟ್ಟುವ ಕೈಗಳಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು: ಬಿಗಿ ಹೆಚ್ಚಾದರೆ ಹೊಗೆ ಎಳೆಯುವುದಿಲ್ಲ, ಸಡಿಲವಾದರೆ ಸೊಪ್ಪು ಉದುರುತ್ತದೆ. ವೇಷ ಕಟ್ಟುವುದು, ಹೂ ಕಟ್ಟುವುದು ಎಂಬಲ್ಲೂ ಬಿಡಿಬಿಡಿ ವಸ್ತುಗಳನ್ನು ಒಂದು ಕ್ರಮದಲ್ಲಿ, ತಕ್ಕ ಬಿಗಿಯಲ್ಲಿ ಕೂಡಿಸುವ ಅರ್ಥವೇ ಇದೆ. ಮೆಕ್ಯಾನಿಕರು ಈ ಕ್ರಿಯಾಪದವನ್ನು ಸುಮ್ಮನೆ ಎತ್ತಿಕೊಂಡಿಲ್ಲ.

ಕಟ್ಟು ಎಂಬುದಕ್ಕೆ ಅರ್ಥಗಳು ಹಲವು ಎಂಬ ಆಕ್ಷೇಪ ಬರಬಹುದು. ಕಂತು ಕಟ್ಟುವುದನ್ನೂ ಮನೆ ಕಟ್ಟುವುದನ್ನೂ ಯಾರೂ ಬೆರೆಸಿಕೊಳ್ಳುವುದಿಲ್ಲ. ಆದರೆ ಒಂದು ಕಡೆ ತೊಡಕು ನಿಜವಾಗಿಯೂ ಇದೆ. ಭಾರವಾದ ಆಕ್ಸಲ್ ಹೌಸಿಂಗನ್ನು ಸರಪಳಿಯಿಂದ ಕಟ್ಟಿ ಇಳಿಸುತ್ತಾರೆ. ಅದೇ ಪುಟದಲ್ಲಿ ‘ಡಿಫರೆನ್ಷಿಯಲ್ ಕಟ್ಟಿ’ ಎಂದು ಬರೆದರೆ ಹೊಸಬನು ಸರಪಳಿಗೇ ಕೈಹಾಕಿಯಾನು. ಆದ್ದರಿಂದ ‘ಬಿಚ್ಚಿ ಕಟ್ಟುವುದು’ ಎಂಬ ಜೋಡಿಯನ್ನೇ ಉದ್ದಕ್ಕೂ ಬಳಸಿದ್ದೇನೆ. ತಲೆಬರಹಕ್ಕೆ ಮಾತ್ರ ನಾಮಪದ ಬೇಕು. ‘ಕಟ್ಟುವಿಕೆ’ ಸಪ್ಪೆ, ‘ಕಟ್ಟೋಣ’ ಎಂದರೆ ಕಟ್ಟಡದ ನೆನಪು. ‘ಬಿಚ್ಚಿ ಕಟ್ಟುವ ಕೆಲಸ’ ಎಂದೇ ಬಿಟ್ಟರೆ ಸಾಕೇ?

ಎರಡನೆಯದು ಇದಕ್ಕಿಂತ ಮುಖ್ಯ. ಮುರಕಲ್ಲು ಹೊರುವ ಪಿಕಪ್ಪಿನ ಚಾಲಕ ಬಂದು, ಕ್ಲಚ್ ಬಿಟ್ಟೊಡನೆ ಹಿಂದಿನಿಂದ ‘ಟಕ್’ ಎನ್ನುತ್ತದೆ, ಡಿಫರೆನ್ಷಿಯಲಿನಲ್ಲಿ ಪ್ಲೇ (ಅತ್ತಿತ್ತ ಆಡುವಷ್ಟು ಎಡೆ) ಬಂದಿದೆ ಎನ್ನುತ್ತಾನೆ. ಕಟ್ಟುವಾಗ ಮೇಸ್ತ್ರಿ ಹುಡುಗನಿಗೆ ‘ಸರಿಯಾದ ಪ್ಲೇ ಇಡು’ ಎನ್ನುತ್ತಾನೆ. ರೋಗಕ್ಕೂ ಅದೇ ಮಾತು, ಮದ್ದಿಗೂ ಅದೇ ಮಾತು. ಕನ್ನಡದಲ್ಲಿ ಬರೆಯುವಾಗ ಎರಡಕ್ಕೂ ‘ಸಡಿಲ’ ಎಂದರೆ ‘ಹಲ್ಲುಗಳ ನಡುವೆ ಸಡಿಲ ಇರಬೇಕು’ ಎಂಬ ವಾಕ್ಯ ಓದಿದ ಹುಡುಗ ಏನೆಂದು ತಿಳಿಯಬೇಕು?

ಇರಲೇಬೇಕಾದ ಆ ಎಡೆ ತೀರಾ ಚಿಕ್ಕದು. ಹಲವು ಪಿಕಪ್ಪುಗಳಲ್ಲಿ 0.13ರಿಂದ 0.20 ಮಿಲಿಮೀಟರಿನ ಆಸುಪಾಸು. ಆಯಾ ಮಾದರಿಯ ಅಳತೆಯನ್ನು ಕಂಪನಿಯ ಪುಸ್ತಕದಲ್ಲೇ ನೋಡಬೇಕು. ಎಣ್ಣೆಯ ಪದರಕ್ಕೂ ಕಾಯ್ದಾಗ ಲೋಹ ಹಿಗ್ಗುವುದಕ್ಕೂ ಅಷ್ಟು ಜಾಗ ಬೇಕು. ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜಿನ ಮೊನೆಯನ್ನು ಕ್ರೌನಿನ ಒಂದು ಹಲ್ಲಿಗೆ ತಾಗಿಸಿ, ಪಿನಿಯನ್ನನ್ನು ಅಲುಗದಂತೆ ಹಿಡಿದು, ಕ್ರೌನನ್ನು ಅತ್ತಿತ್ತ ಆಡಿಸಿದಾಗ ಮುಳ್ಳು ಎಷ್ಟು ಸರಿಯಿತೋ ಅದೇ ಅಳತೆ. ಸುತ್ತಲೂ ಮೂರು ನಾಲ್ಕು ಕಡೆ ಹೀಗೆ ನೋಡಬೇಕು. ಆಮೇಲೆ ಹಲ್ಲಿಗೆ ಬಣ್ಣದ ಲೇಪ ಹಚ್ಚಿ ತಿರುಗಿಸಿ, ಗುರುತು ಎಲ್ಲಿ ಬೀಳುತ್ತದೆಂದು ಪರೀಕ್ಷಿಸುತ್ತಾರೆ. ಗುರುತು ಹಲ್ಲಿನ ತಲೆಯಲ್ಲಿ ಕೂತರೆ ಪಿನಿಯನ್ ದೂರವಿದೆ. ಬುಡಕ್ಕೆ ಇಳಿದರೆ ತೀರಾ ಹತ್ತಿರವಿದೆ. ಈ ‘ತಲೆ’, ‘ಬುಡ’, ‘ಗುರುತು’ ಮೂರೂ ವಿವರಣೆ ಬೇಡದ ಪದಗಳು. ಎಡೆಗೂ ಅಂಥದೇ ಒಂದು ಸಿಗಬೇಕು ಎಂಬುದು ನನ್ನ ಆಸೆ.

‘ಸಂದು’ ಎಲ್ಲರಿಗೂ ತಿಳಿಯುತ್ತದೆ. ಆದರೆ ಅದು ಕಣ್ಣಿಗೆ ಕಾಣುವ ಬಿರುಕಿನಂತೆ ಕೇಳುತ್ತದೆ, ಇಲ್ಲಿಯದು ಆಡಿಸಿದಾಗ ಮಾತ್ರ ತಿಳಿಯುವಂಥದು. ‘ಆಟ’ ಸಹಜವೇ, ಆದರೆ ಹಲ್ಲು ಆಡುತ್ತದೆ ಎಂದರೆ ಬೀಳುವ ಹಲ್ಲೆಂದೇ ಅರ್ಥ. ‘ತೆರಪು’ ನನಗೆ ಇಷ್ಟವಾದ ಪದ, ದೋಷದ ಛಾಯೆ ಅದಕ್ಕಿಲ್ಲ; ಆದರೆ ಇಲ್ಲಿನ ಹುಡುಗರ ಬಾಯಲ್ಲಿ ಅದು ಇಲ್ಲ. ಸದ್ಯಕ್ಕೆ ಬೇಕೆಂದು ಇಟ್ಟದ್ದಕ್ಕೆ ‘ತೆರಪು’, ಸವೆದು ಬಂದದ್ದಕ್ಕೆ ‘ಸಡಿಲ’ ಎಂದು ಬರೆದಿದ್ದೇನೆ.

ಹುಬ್ಬಳ್ಳಿ, ದಾವಣಗೆರೆ, ಮೈಸೂರು ಕಡೆಯ ಗ್ಯಾರೇಜುಗಳಲ್ಲಿ ಈ ಎರಡನ್ನು ಬೇರೆ ಬೇರೆ ಮಾತಿನಿಂದ ಹೇಳುತ್ತಾರೆಯೇ? ಗಾಣ, ರಾಟೆ, ಗಾಡಿಯ ಗಾಲಿ ಮಾಡುವವರಲ್ಲಿ ಅಚ್ಚಿಗೂ ತೂತಿಗೂ ನಡುವೆ ಬಿಡುವ ಜಾಗಕ್ಕೆ ಹೆಸರಿತ್ತೇ? ಇದ್ದರೆ ಆಡುವ ವಾಕ್ಯದ ಸಮೇತ, ಯಾವ ಊರಿನದೆಂದೂ ಸೇರಿಸಿ ದಯವಿಟ್ಟು ತಿಳಿಸಿ.