ಟ್ರಾಂ ಓಡುದಿಲ್ಲ: ಲೈಟ್ ಉಂಟು, ಸೌಂಡ್ ಉಂಟು, ಗಾಡಿ ಮಾತ್ರ ಅಲ್ಲೇ

ಕಡಬ ಟ್ರಾಂವೇಸ್

ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಬರೀತಾ ಇದ್ದೇನೆ. ನನ್ನ ಕಲ್ಕತ್ತಾ ಟ್ರಾಂ ಮಾಡೆಲ್, ಎಚ್‌ಒ ಸ್ಕೇಲ್ (ಅಸಲಿನ 87ರಲ್ಲಿ ಒಂದು ಪಾಲು), ಎರಡು ಡಬ್ಬಿಯದ್ದು. ಬಾಡಿ ತ್ರೀಡಿ ಪ್ರಿಂಟ್, ಕೆಳಗೆ ರೆಡಿ ಮೋಟರ್ ಬೋಗಿ (ಮೋಟರ್, ಗೇರ್, ಗಾಲಿ ಇರುವ ಅಡಿಭಾಗ). ಏಪ್ರಿಲ್‌ನಲ್ಲಿ ಚಂದ ಓಡ್ತಾ ಇತ್ತು, ರಜೆಗೆ ಬಂದ ಮಕ್ಕಳಿಗೆಲ್ಲ ಓಡಿಸಿ ತೋರಿಸಿದ್ದೆ. ಈಗ ಕಂಟ್ರೋಲರ್ ತಿರುಗಿಸಿದ್ರೆ ಹೆಡ್‌ಲೈಟ್ ಬರ್ತದೆ, ಒಳಗಿಂದ ಗುಂಯ್ ಅಂತ ಸೌಂಡ್ ಬರ್ತದೆ, ಗಾಡಿ ಮಾತ್ರ ಕದಲುದಿಲ್ಲ. ಕೈಯಲ್ಲಿ ದೂಡಿದ್ರೆ ಒಂದು ಗೇಣು ಹೋಗಿ ಮತ್ತೆ ನಿಲ್ತದೆ. ನಾನು ಎಂತದೂ ಬದಲಾಯಿಸಿಲ್ಲ. ಅದೇ ಹಳಿ, ಅದೇ ಕಂಟ್ರೋಲರ್, ಅದೇ ವಯರ್. ಹೊಸ ಬೋಗಿ ತರಿಸುದಾ? ಕಸ್ಟಮ್ಸ್ ಎಲ್ಲ ಸೇರಿ ಕೈಗೆ ಬರುವಾಗ ಇಡೀ ಗಾಡಿಗಿಂತ ಅದೇ ದುಬಾರಿ. ಗೊತ್ತಿದ್ದವರು ಬೇಗ ಹೇಳಿ.

ಮಲ್ಲೇಶ್ವರಂ ಲೂಪ್

ಹಳಿ ಕ್ಲೀನ್ ಮಾಡಿ ಗುರು. ಹತ್ತರಲ್ಲಿ ಒಂಬತ್ತು ಕೇಸ್ ಇದೇ. ಹಳೇ ಬನಿಯನ್ ಬಟ್ಟೆಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಹಳಿ ಉಜ್ಜಿ. ಚಕ್ರಕ್ಕೆ ಬೇರೆ ದಾರಿ: ಟಿಶ್ಯೂ ಪೇಪರನ್ನ ಹಳಿ ಮೇಲೆ ಹಾಸಿ, ಐಪಿಎನಲ್ಲಿ ನೆನೆಸಿ, ಮೋಟರ್ ಬೋಗಿನ ಅದರ ಮೇಲಿಟ್ಟು ಎರಡು ವಯರಿಂದ ಕರೆಂಟ್ ಕೊಡಿ. ಎರಡು ಕಪ್ಪು ಗೆರೆ ಬೀಳುತ್ತೆ. ಗೆರೆ ಬೀಳೋದು ನಿಲ್ಲೋವರೆಗೂ ಮಾಡಿ.

ಹುಬ್ಬಳ್ಳಿ ಯಾರ್ಡ್

ಗಾಲಿ ತಿರಗತಾವೋ ಇಲ್ಲೋ? ಅದನ್ನ ಮೊದಲ ಹೇಳ್ರಿ. ಆಮ್ಯಾಲ ಕಂಟ್ರೋಲರ್ ಯಾವುದು, ಡಿಸಿನೋ (ಬರೇ ನೇರ ಕರೆಂಟ್) ಡಿಸಿಸಿನೋ (ಡಿಜಿಟಲ್ ಕಂಟ್ರೋಲ್), ಹಳಿ ಯಾವ ಕೋಡ್, ಅಂದ್ರ ಎತ್ತರ ಎಷ್ಟು.

ಕಡಬ ಟ್ರಾಂವೇಸ್

ಕ್ಲೀನ್ ಎಲ್ಲ ಮಾಡಿ ಆಯ್ತು. ಬಟ್ಟೆ ಕಪ್ಪಾಯ್ತು, ಗಾಡಿ ಹೋಗ್ಲಿಲ್ಲ. ಹಳಿ ಕೋಡ್ 100. ಕಂಟ್ರೋಲರ್ ಮಾಮೂಲಿದ್ದು.

ಚಾಮುಂಡಿ ಶಂಟರ್

ಮಾಮೂಲಿ ಅಂದ್ರೆ? 12 ವೋಲ್ಟ್ ಅಡಾಪ್ಟರ್‌ಗೆ ಪಿಡಬ್ಲ್ಯುಎಂ ಬೋರ್ಡ್ (ಕರೆಂಟನ್ನ ತುಂಡು ತುಂಡು ಪಲ್ಸ್ ಆಗಿ ಕೊಡೋದು) ಸೇರಿಸಿದ್ದಾ? ಹಾಗಿದ್ರೆ ಕೇಳಿ. ಲೈಟ್ ಬಂತು ಅಂದ ಮಾತ್ರಕ್ಕೆ ಕರೆಂಟ್ ಸರಿಯಿದೆ ಅಂತಲ್ಲ ಕಣ್ರೀ. ಪಿಡಬ್ಲ್ಯುಎಂನಲ್ಲಿ ಒಂದೊಂದು ಪಲ್ಸೂ ಪೂರ್ತಿ 12 ವೋಲ್ಟ್. ಎಲ್‌ಇಡಿಗೆ ಅಷ್ಟೇ ಸಾಕು, ಜಗಜಗ ಅಂತ ಉರಿಯುತ್ತೆ. ಮೋಟರ್‌ಗೆ ಸಿಗೋದು ಸರಾಸರಿ. ನಾಬ್ ಕಾಲು ಭಾಗ ತಿರುಗಿಸಿದ್ರೆ ಸರಾಸರಿ 3 ವೋಲ್ಟ್, ಅಷ್ಟಕ್ಕೆ ಎಷ್ಟೋ ಮೋಟರ್ ಅಲ್ಲಾಡಲ್ಲ. ನೀವು ಹೇಳೋ ಗುಂಯ್ ಸದ್ದು ಮೋಟರ್ ತಿರುಗೋದಲ್ಲ, ಬೋರ್ಡಿನ ಫ್ರೀಕ್ವೆನ್ಸಿ. ಕಂಟ್ರೋಲರ್ ಬದಲಾಯಿಸಿ ನೋಡಿ.

ಸಿವಿ ಇಪ್ಪತ್ತೊಂಬತ್ತು

ಬೋಗಿ ಒಳಗೆ ಡಿಕೋಡರ್ (ಡಿಸಿಸಿ ಸಿಗ್ನಲ್ ಓದೋ ಸಣ್ಣ ಬೋರ್ಡ್) ಕೂತಿದ್ಯಾ ನೋಡಿದ್ರಾ? ಇದ್ರೆ ಅದರ ಸಿವಿ 29 ಅನ್ನೋ ಸೆಟ್ಟಿಂಗ್ ಓದಿ. ಅದರಲ್ಲಿ 6 ಇದ್ರೆ ಡಿಸಿಯಲ್ಲೂ ಓಡುತ್ತೆ. 2 ಆಗಿದ್ರೆ ಡಿಸಿ ಮೋಡ್ ಆಫ್, ತಲೆಕೆಳಗಾಗಿ ನಿಂತ್ರೂ ಓಡಲ್ಲ. ಎಷ್ಟೋ ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ 8 ಬರೆದ್ರೆ ಫ್ಯಾಕ್ಟರಿ ರೀಸೆಟ್ ಆಗುತ್ತೆ.

ಕಡಬ ಟ್ರಾಂವೇಸ್

ಡಿಕೋಡರ್ ಇಲ್ಲ ಮಾರಾಯ್ರೆ. ಎರಡು ವಯರ್, ಒಂದು ಮೋಟರ್.

ಸಿವಿ ಇಪ್ಪತ್ತೊಂಬತ್ತು

ಕೆಲವು ಚಾಸಿಯಲ್ಲಿ ಬೋರ್ಡ್ ಒಳಗೇ ಅಡಗಿರುತ್ತೆ, ಹೊರಗೆ ಕಾಣಲ್ಲ. ಒಮ್ಮೆ ಬಿಚ್ಚಿ ನೋಡಿ.

ಹುಬ್ಬಳ್ಳಿ ಯಾರ್ಡ್

ಇಲ್ಲ ಅಂದ್ರಲ್ರೀ ಅವರು. ಗಾಲಿ ತಿರಗತಾವೋ ಇಲ್ಲೋ ಅಂತ ಕೇಳಿದ್ದೆ, ಉತ್ತರ ಬರಲಿಲ್ಲ. ಮೀಟರ್ ಐತೇನು ನಿಮ್ಮ ಕಡೆ? 10 ಆಂಪಿಯರ್ ತೂತಿಗೆ ವಯರ್ ಹಾಕಿ ಸೀರೀಸ್‌ನ್ಯಾಗ ಹಿಡೀರಿ. ಮೋಟರ್ ಜಾಮ್ ಆಗಿದ್ರ ಕರೆಂಟ್ ಸರ್ ಅಂತ ಏರತೈತಿ. ಆರಾಮ ತಿರಗತಿದ್ರ ಭಾಳ ಕಡಿಮಿ ತೋರಸತೈತಿ.

ಮಲ್ಲೇಶ್ವರಂ ಲೂಪ್

ಐಪಿಎ 99 ಪರ್ಸೆಂಟ್ ತಗೊಂಡ್ರಾ? ಮೆಡಿಕಲ್ ಶಾಪಲ್ಲಿ ಸಿಗೋ 70ರದ್ದು ಆಗಲ್ಲ, ಮೂವತ್ತು ಭಾಗ ಹತ್ರಹತ್ರ ನೀರು. ಇನ್ನೊಂದ್ಸಲ ಉಜ್ಜಿ ಬಾಸ್.

ಚಾಮುಂಡಿ ಶಂಟರ್

ಐಪಿಎ ಕಾಲ ಮುಗೀತು ಸ್ವಾಮಿ. ಅದು ಪೋಲಾರ್ ದ್ರಾವಕ. ಒರೆಸಿದ ಮೇಲೆ ಉಳಿಯೋ ಪೊರೆಯಿಂದ ಚಕ್ರಕ್ಕೂ ಹಳಿಗೂ ಮಧ್ಯೆ ಸಣ್ಣಸಣ್ಣ ಕಿಡಿ ಹಾರಿ, ಬೇಗನೆ ಮತ್ತೆ ಕಪ್ಪಾಗುತ್ತೆ. ಪೋಲಾರ್ ಅಲ್ಲದ್ದು ಹಾಕಬೇಕು. ನಾನು ವರ್ಷಗಳಿಂದ ಸೀಮೆಎಣ್ಣೆ ಬಳಸ್ತಿದ್ದೀನಿ.

ಮಲ್ಲೇಶ್ವರಂ ಲೂಪ್

ಸೀಮೆಎಣ್ಣೆ ಎಲ್ಲಿ ಸಿಗುತ್ತೆ ಸರ್ ಈಗ? ಮನೆಯೆಲ್ಲ ವಾಸನೆ ಬೇರೆ. ಆಮೇಲೆ ಯಾರೋ ಬಂದು ಡಬ್ಲ್ಯುಡಿ-40 ಹೊಡೀರಿ ಅಂತಾರೆ, ಮಾಮೂಲಿ ಡಬ್ಬ ಹೊಡೆದು ಹಳಿ ಪೂರ್ತಿ ಎಣ್ಣೆ ಮಾಡ್ಕೊಂಡು ಕೂರ್ತಾರೆ. ಅದೇ ಕಂಪನಿಯ ಕಾಂಟ್ಯಾಕ್ಟ್ ಕ್ಲೀನರ್ ಬೇರೆ, ನೀಲಿ ಹಳದಿ ಡಬ್ಬ ಬೇರೆ.

ದಾದರ್ ಡಬಲ್ ಡೆಕರ್

ಮುಂಬಯಿಯಿಂದ ನಮಸ್ಕಾರ. ನನ್ನ ಬಾಂಬೆ ಟ್ರಾಂ ಕಟೋ ಯುನಿಟ್ರ್ಯಾಕ್ ಎಂಬ ರೆಡಿ ಹಳಿಯ ಮೇಲೆ ಓಡುತ್ತದೆ, ಇಂಥ ತಕರಾರು ಒಂದೂ ಇಲ್ಲ. 1920ರಲ್ಲಿ ಬಂದ ಡಬಲ್ ಡೆಕರ್ ಮಾದರಿ, ಮೇಲಿನ ಮಹಡಿಯ ಸೀಟೂ ಮಾಡಿದ್ದೇನೆ. ಬಾಂಬೆಯಲ್ಲಿ ಕರೆಂಟ್ ಟ್ರಾಂ 1907ಕ್ಕೇ ಶುರು. ಕೊನೇ ಟ್ರಾಂ 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಹೋಯಿತು. ಆ ರಾತ್ರಿಯ ದೃಶ್ಯವನ್ನೇ ಲೇಔಟ್ ಮಾಡಿದ್ದೇನೆ, ಬೀದಿದೀಪ ಎಲ್ಲ ಉರಿಯುತ್ತವೆ. ಫೋಟೋ ಹಾಕಲೇ?

ಸಿವಿ ಇಪ್ಪತ್ತೊಂಬತ್ತು

ಹಾಕಿ ಸರ್! ಅದು ಡಿಸಿಸಿನಾ?

ಹುಬ್ಬಳ್ಳಿ ಯಾರ್ಡ್

ಯಪ್ಪಾ, ಆ ಮನುಷ್ಯಾನ ಗಾಡಿ ನಿಂತೈತಿ.

ಕಡಬ ಟ್ರಾಂವೇಸ್

ಮೀಟರ್ ಹಿಡಿದೆ. 0.12 ತೋರಿಸ್ತದೆ. ಕಂಟ್ರೋಲರ್ ಬಿಟ್ಟು 9 ವೋಲ್ಟ್ ಬ್ಯಾಟರಿಯನ್ನೇ ಹಳಿಗೆ ಹಿಡಿದೂ ನೋಡಿದೆ, ಅದೇ ಕತೆ. ಇನ್ನು ಗಾಲಿ ಅಂತ ಕೇಳಿದ್ರಲ್ಲ, ಗಾಲಿ ತಿರುಗ್ತದೆ. ನಿಂತಲ್ಲೇ ತಿರುಗ್ತದೆ. ಗಾಡಿ ಕದಲುದಿಲ್ಲ ಅಂತ ನಾನು ಮೊದಲೇ ಬರೆದಿದ್ದೆ.

ಹುಬ್ಬಳ್ಳಿ ಯಾರ್ಡ್

ಗಾಲಿ ತಿರಗತಾವ!! ಇಷ್ಟು ಹೊತ್ತು ಪಿಡಬ್ಲ್ಯುಎಂ, ಡಿಕೋಡರ್, ಸೀಮಿಎಣ್ಣಿ ಅಂತ ಬಡದಾಡಿದ್ವಲ್ರೀ. ಗಾಲಿ ತಿರಗಾಕತ್ತಾವಂದ್ರ ಕರೆಂಟ್ ಬರಾಕತ್ತೈತಿ, ಮೋಟರ್ ಛಲೋ ಐತಿ, ಗೇರೂ ಹಿಡದಾವ. ಇದು ಕರೆಂಟಿನ ಜಡ್ಡಲ್ಲ. ಹಿಡಿತದ್ದು.

ಚಾಮುಂಡಿ ಶಂಟರ್

ಹಾಗಂತ ಪಿಡಬ್ಲ್ಯುಎಂ ಬಗ್ಗೆ ಹೇಳಿದ್ದು ತಪ್ಪೇನಲ್ಲ.

ಮಲ್ಲೇಶ್ವರಂ ಲೂಪ್

ಟ್ರ್ಯಾಕ್ಷನ್ ಟೈರ್! ಆ ರಬ್ಬರ್ ರಿಂಗ್ ಹಳೇದಾದ್ರೆ ಗಾಜಿನ ಥರ ನುಣ್ಣಗಾಗುತ್ತೆ. ಜೊತೆಗೆ ತ್ರೀಡಿ ಪ್ರಿಂಟ್ ಬಾಡಿ ಹಗುರ, ಹಿಂದಿನ ಡಬ್ಬಿ ಎಳೀಬೇಕು. ಮೋಟರ್ ಬೋಗಿ ಮೇಲೆ ತೂಕ ಹಾಕಿ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸ್ತಾರಲ್ಲ, ಆ ತೂಕದ ಪಟ್ಟಿ ಕೇಳಿದ್ರೆ ಕೊಡ್ತಾರೆ.

ಕಡಬ ಟ್ರಾಂವೇಸ್

ನಮ್ಮಲ್ಲಿ ಗಾಳಕ್ಕೆ ಕಟ್ಟುವ ಸೀಸ ಇತ್ತು, ಅದನ್ನೇ ಬಡಿದು ಚಪ್ಪಟೆ ಮಾಡಿ ಸೀಟಿನ ಅಡಿ ಇಟ್ಟೆ. ಈಗ ದೂಡಿದ್ರೂ ಹೋಗುದಿಲ್ಲ. ಮೊದಲು ಒಂದು ಗೇಣಾದ್ರೂ ಹೋಗ್ತಿತ್ತು.

ದಾದರ್ ಡಬಲ್ ಡೆಕರ್

ಎಚ್‌ಒ ಹಳಿಯ ಮೇಲೆ ಭಾರತದ ಗಾಡಿ ಓಡಿಸುವುದೇ ಮೂಲ ತಪ್ಪು ಎಂದು ನನ್ನ ಅಭಿಪ್ರಾಯ. ನಮ್ಮ ಬ್ರಾಡ್‌ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ದಾಟುತ್ತದೆ. ಎಲ್ಲರೂ ಎಚ್‌ಒದ 16.5ರ ಮೇಲೆ ಓಡಿಸುತ್ತಾರೆ.

ಚಾಮುಂಡಿ ಶಂಟರ್

ಟ್ರಾಂ ಬ್ರಾಡ್‌ಗೇಜ್ ಅಲ್ವಲ್ಲ ಸ್ವಾಮಿ. ಕಲ್ಕತ್ತಾದ್ದು 1435, ಸ್ಟ್ಯಾಂಡರ್ಡ್ ಗೇಜ್. 87ರಿಂದ ಭಾಗಿಸಿ ನೋಡಿ, 16.5. ಕೂದಲೆಳೆ ವ್ಯತ್ಯಾಸ ಇಲ್ಲ. ಅವರ ಟ್ರಾಂ ಸರಿಯಾದ ಗೇಜಲ್ಲೇ ನಿಂತಿದೆ. ನಿಮ್ಮ ಬಾಂಬೆ ಟ್ರಾಮೂ ಅದೇ ಗೇಜು.

ದಾದರ್ ಡಬಲ್ ಡೆಕರ್

ನಾನು ರೈಲಿನ ಬಗ್ಗೆ ಹೇಳಿದ್ದು.

ಸಿವಿ ಇಪ್ಪತ್ತೊಂಬತ್ತು

ಮೀಟರ್ ಗೇಜ್ ಮಾಡೋರು 12 ಮಿಲಿಮೀಟರ್ ಹಳಿ ತಗೊಳ್ಳಿ. ಹಳೇ ಮೈಸೂರು ಹಾಸನ ಲೈನ್ ಮಾಡೋಕೆ ಸಖತ್ತಾಗಿರುತ್ತೆ.

ನಿರ್ವಾಹಕ

ಗೇಜಿನ ಚರ್ಚೆಯನ್ನು ಬೇರೆ ಎಳೆಗೆ ಸಾಗಿಸಲಾಗುವುದು. ದಯವಿಟ್ಟು ಅಲ್ಲಿ ಮುಂದುವರಿಸಿ. ಕಡಬದವರೇ, ಹಳಿ ಕಾಣುವಂತೆ ಒಂದು ಫೋಟೋ ಹಾಕಿ.

ಕಡಬ ಟ್ರಾಂವೇಸ್

ಫೋಟೋ ಹಾಕಿದ್ದೇನೆ. ಹಿಂದೆ ಕಾಣುದು ಎಸ್‌ಪ್ಲನೇಡ್ ಡಿಪೋ, ಇನ್ನೂ ಪೇಂಟ್ ಆಗಲಿಲ್ಲ.

ತೀರ್ಥಹಳ್ಳಿ ಮಳೆಗಾಲ

ಇಷ್ಟು ದಿನ ಸುಮ್ನೆ ಓದ್ತಾ ಇದ್ದೆ. ಡಿಪೋ ಚಂದ ಇದೆ. ಆದ್ರೆ ಹಳಿ ಎರಡರ ನಡುವೆ ಬೂದು ಬಣ್ಣದ್ದು ಎಂಥದು ಮಾರಾಯ್ರೆ?

ಕಡಬ ಟ್ರಾಂವೇಸ್

ಅದು ರಸ್ತೆ. ಟ್ರಾಂ ರಸ್ತೆಯಲ್ಲೇ ಅಲ್ವಾ ಹೋಗುದು. ಮೌಂಟ್ ಬೋರ್ಡ್ ಪಟ್ಟಿ ಕತ್ತರಿಸಿ ಫೆವಿಕಾಲ್ ಹಾಕಿ ಕೂರಿಸಿದ್ದು, ಮೇಲೆ ಪೇಂಟ್, ಕಲ್ಲುಹಾಸಿನ ಗೆರೆ. ಮಾರ್ಚ್‌ನಲ್ಲೇ ಮಾಡಿದ್ದು. ಅದು ಬರೀ ಸೀನರಿ, ಅದಕ್ಕೂ ಕರೆಂಟಿಗೂ ಸಂಬಂಧ ಇಲ್ಲ.

ತೀರ್ಥಹಳ್ಳಿ ಮಳೆಗಾಲ

ಎಷ್ಟು ದಪ್ಪದ ಬೋರ್ಡು? ಮೇಲೆ ಮಾತ್ರ ಪೇಂಟಾ, ಅಂಚಿಗೂ ಅಡಿಗೂ ಹೊಡೆದಿದ್ರಾ? ಮಳೆ ಹಿಡಿದ ಮೇಲೆ ಆ ಕೋಣೆ ಹೇಗುಂಟು? ಒಂದು ಕೆಲಸ ಮಾಡಿ. ಸ್ಟೀಲ್ ಸ್ಕೇಲನ್ನ ಎರಡೂ ಹಳಿ ಮೇಲೆ ಅಡ್ಡ ಇಡಿ. ಹಳಿ ತಲೆ ಮೇಲೆ ಗಟ್ಟಿ ಕೂತ್ರೆ ನಾನು ಹೇಳಿದ್ದು ಬಿಟ್ಟುಬಿಡಿ. ತಕ್ಕಡಿ ಹಾಗೆ ಆ ಕಡೆ ಈ ಕಡೆ ಅಲ್ಲಾಡಿದ್ರೆ ನಡುವಿನ ಬೋರ್ಡು ಉಬ್ಬಿದೆ. ಆಮೇಲೆ ಗಾಡಿ ಅಂಗಾತ ಮಲಗಿಸಿ ಮೋಟರ್ ಬೋಗಿಯ ಗೇರ್ ಮುಚ್ಚಳ ನೋಡಿ.

ಕಡಬ ಟ್ರಾಂವೇಸ್

2 ಮಿಲಿಮೀಟರ್ ಬೋರ್ಡು. ಪೇಂಟ್ ಮೇಲೆ ಮಾತ್ರ. ಸ್ಕೇಲ್ ಅಲ್ಲಾಡ್ತದೆ. ಸುಮಾರು ಕಡೆ ಅಲ್ಲಾಡ್ತದೆ, ಡಿಪೋ ಎದುರು ಜಾಸ್ತಿ, ಕಿಟಕಿ ಇರುದು ಅದೇ ಬದಿಗೆ. ಗೇರ್ ಮುಚ್ಚಳದ ಅಡಿಯಲ್ಲಿ ಬೂದು ಬಣ್ಣ ಉದ್ದಕ್ಕೆ ಮೆತ್ತಿದೆ, ನಡುವೆ ಪ್ಲಾಸ್ಟಿಕ್ ತಿಕ್ಕಿ ಹೊಳೀತಾ ಉಂಟು. ರಸ್ತೆಯಲ್ಲೂ ಅದೇ ಅಗಲಕ್ಕೆ ಪೇಂಟ್ ಸವೆದು ಬೋರ್ಡಿನ ಬಿಳಿ ಕಾಣ್ತದೆ. ಬಿಡಿ ಹಳಿ ಒಂದು ತುಂಡು ಮೇಜಿನ ಮೇಲೆ ಇಟ್ಟು ಓಡಿಸಿದೆ, ಬಾಣದ ಹಾಗೆ ಹೋಯ್ತು, ಕೆಳಗೆ ಬೀಳುದನ್ನ ಹಿಡಿದುಕೊಂಡೆ.

ಹುಬ್ಬಳ್ಳಿ ಯಾರ್ಡ್

ಮುಗೀತು ನೋಡ್ರಿ. ಹೊಟ್ಟಿ ರಸ್ತಾದ ಮ್ಯಾಲ ಕುಂತೈತಿ, ಗಾಲಿ ಹಳಿಗೆ ಬರೇ ತಾಗಿ ಸುಮ್ನ ಉಳ್ಳಾಡತಾವ. ತಾಗೂದರಿಂದ ಲೈಟ್ ಹತ್ತತೈತಿ, ಭಾರ ಬೀಳದ್ದರಿಂದ ಗಾಡಿ ಹೋಗಂಗಿಲ್ಲ. ಸೀಸಾ ಇಟ್ರ ಹೊಟ್ಟಿ ಇನ್ನಷ್ಟು ಒತ್ತತೈತಿ.

ತೀರ್ಥಹಳ್ಳಿ ಮಳೆಗಾಲ

ಲೆಕ್ಕ ನೋಡಿ. ಕೋಡ್ 100 ಅಂದ್ರೆ ಹಳಿಯ ಎತ್ತರ 2.54 ಮಿಲಿಮೀಟರ್. 2 ಮಿಲಿಮೀಟರ್ ಬೋರ್ಡು, ಅಡಿಯಲ್ಲಿ ಫೆವಿಕಾಲ್, ಮೇಲೆ ಎರಡು ಕೋಟ್ ಪೇಂಟ್: ಬೇಸಿಗೆಯಲ್ಲೇ ನಿಮಗೆ ಉಳಿದದ್ದು ಉಗುರಿನಷ್ಟು ಜಾಗ. ಮೌಂಟ್ ಬೋರ್ಡ್ ಅಂದ್ರೆ ಕಾಗದ. ನಮ್ಮಲ್ಲಿ ಜೂನ್ ಬಂದ್ರೆ ಬಾಗಿಲೇ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ತದೆ, ಕಾಗದ ಬಿಡ್ತದಾ? ಪೇಂಟ್ ಇಲ್ಲದ ಅಂಚಿನಿಂದ ತೇವ ಹೀರಿ ಪದರ ಬಿಟ್ಟಿದೆ. ಅದರ ಮೇಲೆ ಐಪಿಎ ಉಜ್ಜಿದ್ದೂ ಸೇರಿತು.

ಮಲ್ಲೇಶ್ವರಂ ಲೂಪ್

ಹಲೋ, 99 ಪರ್ಸೆಂಟ್ ಅಂತ ನಾನು ಹೇಳಿದ್ದೆ.

ಕಡಬ ಟ್ರಾಂವೇಸ್

ನಾನು ತಂದದ್ದು ಮೆಡಿಕಲ್‌ನಿಂದ. ಈಗ ಇದನ್ನ ಕಿತ್ತುವುದು ಹೇಗೆ? ಕಲ್ಲುಹಾಸಿನ ಗೆರೆ ಒಂದೊಂದೇ ಎಳೆದದ್ದು. ರಸ್ತೆಯ ಬಗ್ಗೆ ಇಲ್ಲಿ ಮೊದಲೇ ಯಾರೂ ಕೇಳಲಿಲ್ಲ.

ತೀರ್ಥಹಳ್ಳಿ ಮಳೆಗಾಲ

ಪೂರ್ತಿ ಕೀಳುದೇ ಒಳ್ಳೇದು. ಮರಳು ಕಾಗದದಲ್ಲಿ ತಿಕ್ಕಿ ತಗ್ಗಿಸಬಹುದು, ಆದ್ರೆ ಆ ಧೂಳು ಗೇರಿಗೆ ಹೋಗ್ತದೆ, ಮುಂದಿನ ಮಳೆಗೆ ಬೋರ್ಡು ಮತ್ತೆ ಏಳ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಅದರ ಮೇಲೆ ಹಾಸಿ ಬಿಡಿ, ಫೆವಿಕಾಲ್ ಮೆತ್ತಗಾಗಿ ಬೆಳ್ಳಗೆ ತಿರುಗ್ತದೆ. ಆಗ ಹಳೇ ಎಟಿಎಂ ಕಾರ್ಡನ್ನ ಮೂಲೆಯಿಂದ ತೂರಿಸಿ ಮೆಲ್ಲ ಎಬ್ಬಿಸಿ. ಬ್ಲೇಡ್ ಹಾಕಿದ್ರೆ ಸ್ಲೀಪರ್‌ನ ಪ್ಲಾಸ್ಟಿಕ್ ಕೊಕ್ಕೆ ತುಂಡಾಗಿ ಹಳಿಯೇ ಎದ್ದು ಬರ್ತದೆ. ಪೂರ್ತಿ ಒಣಗಿದ ಮೇಲೆ 1.5 ಮಿಲಿಮೀಟರ್ ಸ್ಟೈರೀನ್ ಪ್ಲಾಸ್ಟಿಕ್ ಶೀಟ್ ಹಾಕಿ, ಅದು ನೀರು ಕುಡಿಯುದಿಲ್ಲ. ಪಟ್ಟಿಯ ಅಗಲ ಹದಿಮೂರೂವರೆ ಮಿಲಿಮೀಟರ್ ದಾಟಿಸಬೇಡಿ, ಚಕ್ರದ ಫ್ಲಾಂಜ್‌ಗೆ (ಒಳಬದಿಯ ಅಂಚಿಗೆ) ಎರಡೂ ಬದಿ ಜಾಗ ಬೇಕು. ಉದ್ದಕ್ಕೆ ಒಂದೇ ಪಟ್ಟಿ ಬೇಡ, ತುಂಡು ತುಂಡು ಮಾಡಿ. ಗೆರೆ ಕಲ್ಲುಹಾಸಿನದ್ದೇ ಆದ ಕಾರಣ ಜೋಡಣೆ ಕಾಣುದಿಲ್ಲ.

ಚಾಮುಂಡಿ ಶಂಟರ್

ಸ್ಟೈರೀನ್ ಸಿಗದಿದ್ರೆ ಬೋರ್ಡ್ ಬರೆಯೋ ಅಂಗಡಿಯಲ್ಲಿ ಸನ್‌ಬೋರ್ಡ್ ಚೂರು ಕೇಳಿ. ಆದ್ರೆ ತೆಳ್ಳಗಿನದೇ ಬೇಕು, 3 ಮಿಲಿಮೀಟರ್ ತಂದ್ರೆ ಮತ್ತೆ ಇದೇ ಪಾಡು.

ದಾದರ್ ಡಬಲ್ ಡೆಕರ್

ನನ್ನ ಲೇಔಟಿನಲ್ಲಿ ರಸ್ತೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಒದ್ದೆ ಇರುವಾಗಲೇ ಹಳೇ ಬೋಗಿಯೊಂದನ್ನು ಓಡಿಸಿ ಫ್ಲಾಂಜ್ ಸಾಲು ತೆಗೆದೆ. ಆ ಫೋಟೋ ಹಾಕಿದ್ದೇನೆ, ಜೊತೆಗೆ ಬೀದಿದೀಪದ್ದೂ.

ಕಡಬ ಟ್ರಾಂವೇಸ್

ಸ್ಟೈರೀನ್ ಮಂಗಳೂರಿಂದ ತರಿಸಿ ಹಾಕಿದೆ. ಗಾಡಿ ಓಡ್ತದೆ. ಸೀಸ ತೆಗೆಯಲಿಲ್ಲ, ಅದು ಇದ್ದರೆ ತಿರುವಿನಲ್ಲಿ ಅಲುಗಾಡುದು ಕಡಿಮೆ. ಆದ್ರೆ ಡಿಪೋ ಒಳಗೆ ಹೋಗುವ ಪಾಯಿಂಟಿನಲ್ಲಿ (ಹಳಿ ಕವಲೊಡೆಯುವಲ್ಲಿ) ನಿಧಾನ ಹೋದ್ರೆ ಲೈಟೂ ಆಫ್, ಗಾಡಿಯೂ ಆಫ್. ಜೋರು ಹೋದ್ರೆ ದಾಟ್ತದೆ. ಅಲ್ಲಿ ರಸ್ತೆ ಇಲ್ಲ, ಬರೀ ಹಳಿ.

ಹುಬ್ಬಳ್ಳಿ ಯಾರ್ಡ್

ಲೈಟೂ ಹೋಗತೈತಿ ಅಂದ್ರ ಇದು ಖರೇನೇ ಕರೆಂಟಿಂದು. ಪಾಯಿಂಟಿನ ಫ್ರಾಗ್ (ಎರಡು ಹಳಿ ಒಂದನ್ನೊಂದು ದಾಟೂ ತುಂಡು) ಪ್ಲಾಸ್ಟಿಕ್ ಇದ್ರ ಅಲ್ಲಿ ಕರೆಂಟ್ ಇರಂಗಿಲ್ಲ. ನಿಮ್ಮ ಗಾಡಿ ಮೋಟರ್ ಬೋಗಿಯ ನಾಕ ಗಾಲಿಯಿಂದ ಅಷ್ಟ ಕರೆಂಟ್ ತಗೋತೈತಿ, ಅದರಾಗೂ ಒಂದೆರಡಕ್ಕ ರಬ್ಬರ್ ಟೈರ್. ಹಿಂದಿನ ಡಬ್ಬಿ ಬೋಗಿಗೂ ಫಾಸ್ಫರ್ ಬ್ರಾಂಜ್ ತಂತಿ ತಾಗಿಸಿ, ಅಲ್ಲಿಂದ ಎರಡು ವಯರ್ ಮುಂದಕ್ಕ ತರ್ರಿ. ಆ ಗಾಲಿ ಲೋಹದ್ದು ಇರಬೇಕು ಮತ್ತ.

ಕಡಬ ಟ್ರಾಂವೇಸ್

ಲೋಹದ್ದೇ. ಡಬ್ಬಿಗಳ ನಡುವೆ ದಪ್ಪ ವಯರ್ ಹಾಕಿದ್ರೆ ತಿರುವಿನಲ್ಲಿ ಹಳಿ ತಪ್ಪುದಿಲ್ವಾ? ಹಳೇ ಇಯರ್‌ಫೋನಿನ ವಯರ್ ಉಂಟು, ಸಪೂರ ಉಂಟು, ಅದು ಆಗ್ತದಾ?

ಹುಬ್ಬಳ್ಳಿ ಯಾರ್ಡ್

ಆಗತೈತಿ, ಆದ್ರ ಅದರ ಎಳಿಗೆ ಬಣ್ಣದ ಲ್ಯಾಕರ್ ಇರತೈತಿ, ಹಂಗ ಬೆಸುಗಿ ಹಿಡಿಯಂಗಿಲ್ಲ. ತುದಿಯನ್ನ ಕಾದ ಸೋಲ್ಡರ್ ಹನಿಯೊಳಗ ಸ್ವಲ್ಪ ಹೊತ್ತು ಮುಳುಗಿಸಿ ಹಿಡೀರಿ, ಲ್ಯಾಕರ್ ಸುಟ್ಟು ತವರ ಹತ್ತತೈತಿ. ಎರಡು ಡಬ್ಬಿ ನಡುವ ವಯರ್ ಬಿಗಿ ಬಿಡಬ್ಯಾಡ್ರಿ, ಬಿಲ್ಲಿನಂಗ ಸಡಿಲ ಬಿಡ್ರಿ. ಹಚ್ಚಿದ ಮ್ಯಾಲ ಮೀಟರ್ ಹಿಡಿದು ಎಡಗಡೆ ಗಾಲಿ ಎಲ್ಲಾ ಒಂದಕ್ಕೊಂದು ಕೂಡ್ಯಾವೇನು ನೋಡ್ರಿ. ಎಡ ಬಲ ಅದಲಬದಲಾದ್ರ ಶಾರ್ಟ್ ಹೊಡಿತೈತಿ.